ಮುಖದ ಜಿಡ್ಡು

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಮುಖ್ಯೋಪಾಧ್ಯಾಯಿನಿಯರು ಸಾಮಾನ್ಯವಾಗಿ ಆರಿಸಿಕೊಳ್ಳುವ ಶಿಸ್ತು, ಸಮಯಪಾಲನೆ, ಸ್ತ್ರೀವಿದ್ಯಾಭ್ಯಾಸ ಮೊದಲಾದ ವಿಷಯಗಳೆಲ್ಲವೂ ನನ್ನ ನೆನಪಿಗೆ ಬಂದವು. ಆದರೆ ಇವುಗಳ ಕುರಿತು ನನಗಿಂತ ಚೆನ್ನಾಗಿ ಬಲ್ಲವರು ಹಿಂದಿನ ಸಂಚಿಕೆಗಳಲ್ಲಿ ಬರೆದಿರುವರು. ನಾನು ಆರಿಸಿಕೊಂಡ ವಿಷಯವು ಬಹು ಸಣ್ಣದು. ಅದು ನಮ್ಮ ಶಾಲೆಯಲ್ಲಿ ಕೈತೊಳೆಯುವ ನಲ್ಲಿಗಳ ಮೇಲಿರುವ ಕನ್ನಡಿಯ ಮುಂದೆ ದಿನಾಲೂ ನಡೆಯುವ ವಿಷಯ. ವಿರಾಮದ ಗಂಟೆ ಬಾರಿಸಿದೊಡನೆ ಆ ಕನ್ನಡಿಯ ಮುಂದೆ ನಿಂತು, ಹಣೆಯನ್ನೂ ಮೂಗನ್ನೂ ಕರವಸ್ತ್ರದಿಂದ ತಿಕ್ಕಿ ತಿಕ್ಕಿ ನೋಯಿಸಿಕೊಳ್ಳುವ ಹೆಣ್ಣುಮಕ್ಕಳನ್ನು ನಾನು ಅನೇಕ ವರ್ಷಗಳಿಂದ ನೋಡುತ್ತಿದ್ದೇನೆ. ಅವರಿಗೆ ಹೇಳಬೇಕಾದ ಮಾತು ಒಂದುಂಟು. ಆ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಒಂದು ತಪ್ಪಿನಿಂದ ಕಲಿತೆನು. ಆದುದರಿಂದ ಆ ತಪ್ಪನ್ನೇ ಮೊದಲು ಹೇಳುವೆನು.

ಅದು 2006ನೆಯ ಇಸವಿಯ ಮಳೆಗಾಲ. ಆಗ ನಾನು ಕರಾವಳಿಯ ಬೇರೊಂದು ಊರಿನ ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯಿನಿಯಾಗಿದ್ದೆನು. ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಮೂರು ವರ್ಷಗಳಾಗಿದ್ದವು. ಕಲಿಸುವುದರಲ್ಲಿ ಉತ್ಸಾಹವೂ, ತಿದ್ದುವುದರಲ್ಲಿ ಅದಕ್ಕಿಂತ ಹೆಚ್ಚಿನ ಉತ್ಸಾಹವೂ ನನಗಿದ್ದಿತು. ನಾನು ಬಾಲ್ಯದಲ್ಲಿ ಓದಿದ ಮಿಶನ್ ಬೋರ್ಡಿಂಗಿನಲ್ಲಿ ಶನಿವಾರ ಸಂಜೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಉಗುರು, ಕೂದಲು, ಕಿವಿಯ ಹಿಂಭಾಗ ಇವುಗಳನ್ನು ಪರೀಕ್ಷಿಸುತ್ತಿದ್ದರು. ಶುಚಿಯಾಗಿರುವುದು ಭಕ್ತಿಯ ಒಂದು ಭಾಗವೆಂಬುದಾಗಿ ನಮಗೆ ಕಲಿಸಿದ್ದರು. ಆ ಪದ್ಧತಿಯನ್ನೇ ನಾನು ನನ್ನ ಒಂಬತ್ತನೆಯ ತರಗತಿಯಲ್ಲಿ ಜಾರಿಗೆ ತಂದೆನು.

ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನಾನು ಸಾಲನ್ನು ನೋಡುತ್ತಾ ಬಂದಾಗ, ಬೋರ್ಡಿಂಗಿನ ಹುಡುಗಿಯೊಬ್ಬಳ ಮುಖವು ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಹಣೆಯ ಮೇಲೆ ಸಣ್ಣ ಸಣ್ಣ ಮೊಡವೆಗಳೂ ಎದ್ದಿದ್ದವು. ನಾನು ಅವಳ ಹಣೆಯ ಮೇಲೆ ಬೆರಳನ್ನು ಒಂದು ಸಾರಿ ಎಳೆದು, ಆ ಬೆರಳನ್ನು ಇತರರಿಗೆ ತೋರಿಸಿ, "ಇದರಿಂದ ಒಂದು ದೀಪ ಹಚ್ಚಬಹುದು. ಮುಖ ತೊಳೆಯದೆ ಪ್ರಾರ್ಥನೆಗೆ ಬರುವುದುಂಟೇ?" ಎಂದು ಕೇಳಿದೆನು. ಮಕ್ಕಳೆಲ್ಲರೂ ನಕ್ಕರು. "ತೊಳೆದಿದ್ದೇನೆ ಟೀಚರ್" ಎಂದು ಅವಳು ಬಹು ಮೆಲ್ಲಗೆ ಹೇಳಿದಳು. ನಾನು ಅದನ್ನು ಸುಳ್ಳೆಂದೇ ಎಣಿಸಿ ಮುಂದಕ್ಕೆ ಹೋದೆನು.

ಇದಾಗಿ ಸುಮಾರು ಎರಡು ವಾರಗಳ ಮೇಲೆ ಬೋರ್ಡಿಂಗಿನ ಮೇಟ್ರನ್‌ರವರು ನನ್ನನ್ನು ಕರೆಯಕಳುಹಿಸಿದರು. ಆ ಹುಡುಗಿಯು ನಸುಕಿನಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ಬಚ್ಚಲಿಗೆ ಹೋಗಿ, ಬಟ್ಟೆ ಒಗೆಯುವ ಸಾಬೂನನ್ನು ಹಚ್ಚಿ, ತೆಂಗಿನ ನಾರಿನಿಂದ ಮುಖವನ್ನು ತಿಕ್ಕುತ್ತಿದ್ದಳಂತೆ. ಮಧ್ಯಾಹ್ನ ಒಮ್ಮೆ, ಶಾಲೆ ಬಿಟ್ಟ ಮೇಲೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಹೀಗೆಯೇ ಮಾಡಿ, ಕೊನೆಗೆ ಗೆಳತಿಯೊಬ್ಬಳ ಮಾತನ್ನು ಕೇಳಿ ಲಿಂಬೆಹಣ್ಣಿನ ರಸವನ್ನೂ ಹಚ್ಚಿಕೊಂಡಿದ್ದಳು. ನಾನು ಹೋಗಿ ನೋಡಿದಾಗ ಅವಳ ಕೆನ್ನೆಗಳ ಚರ್ಮವು ಸುಲಿದು, ಹಸಿಯಾಗಿ, ಮುಟ್ಟಿದರೆ ಕಣ್ಣಿನಲ್ಲಿ ನೀರು ಬರುವಂತಿತ್ತು. ಆದಾಗ್ಯೂ ಹಣೆಯ ಮಧ್ಯದಲ್ಲಿ ಅದೇ ಜಿಡ್ಡು ಹೊಳೆಯುತ್ತಲೇ ಇತ್ತು.

ಅವಳನ್ನು ಚರ್ಮರೋಗದ ವೈದ್ಯೆಯೊಬ್ಬರ ಬಳಿಗೆ ಕರೆದುಕೊಂಡು ಹೋದೆವು. ಅವರು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ಹುಡುಗಿಯನ್ನು ಹೊರಗೆ ಕೂತುಕೊಳ್ಳಲು ಹೇಳಿ, ನನ್ನ ಕಡೆಗೆ ತಿರುಗಿ, "ಟೀಚರ್, ಈ ಹುಡುಗಿ ಮುಖ ತೊಳೆಯದೆ ಇಲ್ಲಿಗೆ ಬಂದದ್ದಲ್ಲ, ತೊಳೆದು ತೊಳೆದು ಬಂದದ್ದು. ತೊಳೆಯಬೇಕೆಂದು ಇವಳಿಗೆ ಹೇಳಿದವರು ಯಾರು?" ಎಂದು ಕೇಳಿದರು. ನಾನೇ ಎಂದು ಒಪ್ಪಿಕೊಳ್ಳಬೇಕಾಯಿತು. ಆ ಮೇಲೆ ಅವರು ಒಂದು ಕಾಗದದ ಮೇಲೆ ಚರ್ಮದ ಚಿತ್ರವನ್ನು ಬರೆದು, ಎಣ್ಣೆಯು ಎಲ್ಲಿಂದ ಬರುವುದೆಂದು ನನಗೆ ವಿವರಿಸತೊಡಗಿದರು. ನನ್ನ ನಾಚಿಕೆಯು ಪೂರ್ಣವಾದದ್ದು ಆಗಲೇ. ಯಾಕಂದರೆ ಅದೇ ಚಿತ್ರವನ್ನು ಜೂನ್ ತಿಂಗಳಲ್ಲಿ ನಾನೇ ಕರಿಹಲಗೆಯ ಮೇಲೆ ಬಣ್ಣದ ಚಾಕಿನಿಂದ ಬರೆದು, ಭಾಗಗಳನ್ನು ಗುರುತಿಸಿ, ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆನು. ಎಣ್ಣೆಯ ಗ್ರಂಥಿ ಎಂಬ ಹೆಸರನ್ನು ಆ ಹುಡುಗಿಯೂ ನನಗೆ ಒಪ್ಪಿಸಿದ್ದಳು. ಹಲಗೆಯ ಮೇಲಿದ್ದ ಚಿತ್ರವೂ ನನ್ನ ಮುಂದೆ ನಿಂತಿದ್ದ ಹಣೆಯೂ ಒಂದೇ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ಆ ಚಿತ್ರದಲ್ಲಿರುವುದು ಇಷ್ಟೇ. ನಮ್ಮ ಚರ್ಮದ ಹೊರ ಪದರದ ಕೆಳಗೆ, ಪ್ರತಿಯೊಂದು ಕೂದಲಿನ ಬುಡಕ್ಕೆ ಅಂಟಿಕೊಂಡು, ಸಣ್ಣ ಚೀಲಗಳಂತಿರುವ ಗ್ರಂಥಿಗಳಿವೆ. ಇವು ಸೀಬಮ್ ಎಂಬ ಒಂದು ಬಗೆಯ ಎಣ್ಣೆಯನ್ನು ತಯಾರಿಸುತ್ತವೆ. ಅದು ರೋಮಕೂಪದ ದಾರಿಯಿಂದ ಮೇಲಕ್ಕೆ ಬಂದು ಚರ್ಮದ ಮೇಲೆ ತೆಳುವಾಗಿ ಹರಡಿಕೊಳ್ಳುವುದು. ಅಂಗೈಯಲ್ಲಿಯೂ ಅಂಗಾಲಿನಲ್ಲಿಯೂ ಈ ಗ್ರಂಥಿಗಳು ಇಲ್ಲವೇ ಇಲ್ಲ. ತಲೆ, ಹಣೆ, ಮೂಗು, ಗಲ್ಲ, ಎದೆ, ಬೆನ್ನಿನ ಮೇಲ್ಭಾಗ ಇವುಗಳಲ್ಲಿ ಬಹಳ. ಹಣೆಯಲ್ಲಾದರೋ ಒಂದು ಚದರ ಸೆಂಟಿಮೀಟರಿನಷ್ಟು ಸ್ಥಳದಲ್ಲಿ 400ರಿಂದ 900ರ ವರೆಗೆ ಇವೆಯೆಂದು ಎಣಿಸಿರುವರು. ಹುಟ್ಟಿದ ಕೂಸಿನ ಮೈಮೇಲೆ ಕಾಣುವ ಬಿಳಿಯ ಜಿಡ್ಡಿನಲ್ಲಿ ಒಂದು ಭಾಗವು ಈ ಗ್ರಂಥಿಗಳದ್ದೇ. ಅಂದರೆ ಲೋಕವನ್ನು ನೋಡುವುದಕ್ಕೆ ಮುಂಚೆಯೇ ನಾವೆಲ್ಲರೂ ಈ ಎಣ್ಣೆಯನ್ನು ಪೂಸಿಕೊಂಡು ಬಂದವರು.

ಹುಟ್ಟಿದ ಕೆಲವು ತಿಂಗಳಲ್ಲಿ ಈ ಗ್ರಂಥಿಗಳು ಶಾಂತವಾಗುವವು. ಏಳೆಂಟು ವರ್ಷದ ಪ್ರಾಯದಿಂದ ಮೆಲ್ಲನೆ ಪುನಃ ಎಚ್ಚರಗೊಂಡು, ದೊಡ್ಡವರಾಗುವ ವಯಸ್ಸಿನಲ್ಲಿ ಶರೀರದೊಳಗಿನ ಆಂಡ್ರೊಜೆನ್ ಎಂಬ ಹಾರ್ಮೋನುಗಳ ಪ್ರೇರಣೆಯಿಂದ ಹಿಗ್ಗಿ, ಹೆಚ್ಚು ಎಣ್ಣೆಯನ್ನು ಸುರಿಸುವವು. ಎಷ್ಟು ಸುರಿಸಬೇಕೆಂಬುದು ಬಹುಮಟ್ಟಿಗೆ ತಂದೆತಾಯಿಗಳಿಂದ ಬಂದ ಸ್ವಭಾವ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಅದರೊಂದಿಗೆ ಬೆರೆತು, ಜಿಡ್ಡು ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುವುದು. ಇದರಲ್ಲಿ ಕೊಳೆ ಎಲ್ಲಿದೆ? ಸೋಮಾರಿತನ ಎಲ್ಲಿದೆ? ಹೃದಯವು ಬಡಿದುಕೊಳ್ಳುವಂತೆಯೇ ಇದೂ ಶರೀರವು ತಾನಾಗಿ ಮಾಡುವ ಒಂದು ಕೆಲಸ.

ಮೊಡವೆಯ ಕಥೆಯೂ ಇದರಿಂದ ಹುಟ್ಟಿದ್ದೇ. ರೋಮಕೂಪದ ಬಾಯಿಯು ಸತ್ತ ಚರ್ಮದ ಕಣಗಳಿಂದಲೂ ಎಣ್ಣೆಯಿಂದಲೂ ಕಟ್ಟಿಕೊಂಡಾಗ ಒಳಗೆ ಒಂದು ಗಂಟು ಆಗುವುದು. ಎಲ್ಲರ ಚರ್ಮದ ಮೇಲೆಯೂ ಸಹಜವಾಗಿ ವಾಸಿಸುವ ಕ್ಯೂಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಸೂಕ್ಷ್ಮಜೀವಿಯು ಅಲ್ಲಿ ಬೆಳೆದು, ಆ ಸ್ಥಳವು ಕೆಂಪಾಗಿ ಬಾತುಕೊಳ್ಳುವುದು. ಮೂಗಿನ ಮೇಲೆ ಕಾಣುವ ಕರಿಯ ಚುಕ್ಕೆಗಳನ್ನು ಧೂಳೆಂದು ನಾವು ಭಾವಿಸುತ್ತೇವೆ. ಅದು ಧೂಳಲ್ಲ, ತೆರೆದ ಬಾಯಿಯಲ್ಲಿ ಕೂತ ಆ ಗಂಟು ಗಾಳಿ ತಗಲಿ, ಚರ್ಮದ ಬಣ್ಣದ ಕಣಗಳೊಡನೆ ಕಪ್ಪಾದದ್ದು. ಆದ ಕಾರಣ ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ತಿಕ್ಕಿದವರ ಚರ್ಮ ಮಾತ್ರ ಹೋಗುವುದು.

ಆ ಹುಡುಗಿಯ ಕೆನ್ನೆ ಯಾಕೆ ಸುಲಿಯಿತೆಂಬುದನ್ನು ನಾನು ಮುಂದಿನ ವಾರ ನಮ್ಮ ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದದಿಂದ ಮಕ್ಕಳಿಗೆ ತೋರಿಸಿದೆನು. ಬಟ್ಟೆಯ ಸಾಬೂನಿನ ನೀರಿನಲ್ಲಿ ಕೆಂಪು ಕಾಗದವು ನೀಲಿಯಾಯಿತು. ಮೈಗೆ ಹಚ್ಚುವ ಸಾಬೂನಿನ ನೀರಿನಲ್ಲಿಯೂ ನೀಲಿಯಾಯಿತು. ಲಿಂಬೆರಸದಲ್ಲಿ ನೀಲಿಯ ಕಾಗದವು ಕೂಡಲೇ ಕೆಂಪಾಯಿತು. ಚರ್ಮದ ಮೇಲ್ಮೈಯು ಸ್ವಲ್ಪ ಹುಳಿಯ ಸ್ವಭಾವದ್ದು. ಪಿಎಚ್ ಮಾನದಲ್ಲಿ ಸುಮಾರು 5. ಈ ತೆಳುವಾದ ಹುಳಿಯ ಹೊದಿಕೆಯ ವಿಷಯವನ್ನು ಜರ್ಮನ್ ವಿದ್ವಾಂಸರಾದ ಶಾಡೆ ಮತ್ತು ಮಾರ್ಕಿಯೊನೀನಿ ಎಂಬವರು 1928ರಲ್ಲಿಯೇ ಪ್ರಕಟಿಸಿದರು. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10ರ ವರೆಗೆ ಇರುವುದು. ಲಿಂಬೆರಸದ್ದು 2ರ ಸುಮಾರು. ಒಂದು ಕಡೆಯಿಂದ ಕ್ಷಾರವೂ ಮತ್ತೊಂದು ಕಡೆಯಿಂದ ಆಮ್ಲವೂ, ಇವೆರಡರ ನಡುವೆ ತೆಂಗಿನ ನಾರೂ ಸೇರಿದರೆ ಯಾವ ಚರ್ಮವು ತಾಳೀತು? ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದವರಿಗೆ ಚರ್ಮವು ಸುಟ್ಟಂತಾಗಿ ಕಪ್ಪು ಕಲೆಗಳು ಬೀಳುವುದೂ ಉಂಟು.

ಹಾಗಾದರೆ ಮಾಡತಕ್ಕದ್ದೇನು? ಆ ವೈದ್ಯೆಯು ಹೇಳಿದ್ದನ್ನೂ, ಆ ಮೇಲೆ ನಾನು ಓದಿಯೂ ವಿಚಾರಿಸಿಯೂ ತಿಳಿದುಕೊಂಡದ್ದನ್ನೂ ಇಲ್ಲಿ ಕೂಡಿಸಿ ಬರೆಯುವೆನು.

ಮುಖವನ್ನು ದಿನಕ್ಕೆ ಎರಡು ಸಾರಿ, ಬೆಳಿಗ್ಗೆ ಎದ್ದಾಗ ಮತ್ತು ರಾತ್ರಿ ಮಲಗುವ ಮುಂಚೆ, ತೊಳೆದರೆ ಸಾಕು. ಆಟವಾಡಿ ಬಹಳ ಬೆವರಿದ್ದರೆ ಮತ್ತೊಂದು ಸಾರಿ ತೊಳೆಯಬಹುದು. ನೀರು ಉಗುರು ಬೆಚ್ಚಗಿರಲಿ, ಅಥವಾ ತಣ್ಣಗಿರಲಿ. ಹಂಡೆಯ ಕುದಿನೀರು ಬೇಡ. ಬೆರಳ ತುದಿಗಳೇ ಸಾಕು. ನಾರು, ಬ್ರಷ್ಷು, ಒರಟು ಬಟ್ಟೆ ಇವು ಮುಖಕ್ಕಲ್ಲ. ಒರಸುವಾಗ ಬೈರಾಸನ್ನು ಒತ್ತಬೇಕೇ ಹೊರತು ಎಳೆಯಬಾರದು. ಆ ಬೈರಾಸು ನಿಮ್ಮದೇ ಆಗಿರಲಿ; ಅದನ್ನೂ ತಲೆದಿಂಬಿನ ಹೊದಿಕೆಯನ್ನೂ ವಾರಕ್ಕೊಮ್ಮೆಯಾದರೂ ಒಗೆದು ಬಿಸಿಲಿನಲ್ಲಿ ಒಣಗಿಸಿರಿ. ಸಾಬೂನಿನ ಬದಲಿಗೆ ಮುಖಕ್ಕೆಂದೇ ತಯಾರಿಸಿದ ಸೌಮ್ಯವಾದ ದ್ರಾವಣಗಳು ಈಗ ದೊರೆಯುತ್ತವೆ. ಅವುಗಳನ್ನು ಕೊಳ್ಳಲು ಅನುಕೂಲವಿಲ್ಲದವರು ಮೈಗೆ ಹಚ್ಚುವ ಒಳ್ಳೆಯ ಸಾಬೂನನ್ನೇ ಸ್ವಲ್ಪವಾಗಿ ಉಪಯೋಗಿಸಿ ಚೆನ್ನಾಗಿ ನೀರು ಹಾಕಿ ತೊಳೆದುಕೊಂಡರೆ ಕೆಡುಕಿಲ್ಲ. ಸಾಬೂನಿನ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂಬ ಅಕ್ಷರಗಳ ಮುಂದೆ ಒಂದು ಅಂಕೆ ಇರುವುದನ್ನು ನೋಡಿರಿ. ಸಾಬೂನಿನಲ್ಲಿ ಕೊಬ್ಬಿನ ಅಂಶವೆಷ್ಟೆಂಬುದನ್ನು ಅದು ತಿಳಿಸುವುದು. ನಮ್ಮ ದೇಶದ ಮಾನದಂಡದ ಪ್ರಕಾರ ಮೊದಲನೆಯ ದರ್ಜೆಯ ಸಾಬೂನಿಗೆ ಅದು ಶೇಕಡಾ 76ಕ್ಕೆ ಕಡಿಮೆಯಿರಬಾರದು. ಬೆಲೆಗಿಂತಲೂ ಪರಿಮಳಕ್ಕಿಂತಲೂ ಈ ಅಂಕೆಯನ್ನು ನೋಡಿ ಕೊಳ್ಳುವುದು ಜಾಣತನ.

ಕಡಲೆಹಿಟ್ಟು, ಹೆಸರುಹಿಟ್ಟು ಇವು ನಮ್ಮ ಅಜ್ಜಿಯರ ಕಾಲದವು. ಇವು ಜಿಡ್ಡನ್ನು ಹೀರಿಕೊಳ್ಳುವುದು ನಿಜ. ನುಣ್ಣಗೆ ಜರಡಿ ಹಿಡಿದು, ನೀರಿನಲ್ಲಿ ಕಲಸಿ, ತಿಕ್ಕದೆ ಹಚ್ಚಿ, ಪೂರ್ತಿ ಒಣಗಿ ಬಿಗಿಯುವ ಮುಂಚೆ ತೊಳೆಯುವುದಾದರೆ ಅಡ್ಡಿಯಿಲ್ಲ. ಮೊಡವೆಗೆ ಹಲ್ಲುಜ್ಜುವ ಪೇಸ್ಟನ್ನು ಹಚ್ಚುವ ಅಭ್ಯಾಸವನ್ನು ನಾನು ಬೋರ್ಡಿಂಗಿನಲ್ಲಿ ಬಹಳ ಕಂಡಿರುವೆನು. ಅದರಿಂದ ಚರ್ಮವು ಉರಿದು ಕಲೆ ಬೀಳುವುದೇ ಹೊರತು ಗುಣವಿಲ್ಲ.

ತಲೆಗೆ ಹಚ್ಚುವ ಎಣ್ಣೆಯ ವಿಷಯವನ್ನು ಇಲ್ಲಿ ಹೇಳಬೇಕು, ಯಾಕಂದರೆ ತಾಯಂದಿರು ಇದರಲ್ಲಿ ಕಟ್ಟುನಿಟ್ಟು. ತೆಂಗಿನೆಣ್ಣೆಯನ್ನು ಧಾರಾಳವಾಗಿ ಹಾಕಿ, ಬಿಗಿಯಾಗಿ ಎರಡು ಜಡೆ ಹೆಣೆದು ಶಾಲೆಗೆ ಕಳುಹಿಸಿದ ಮಗುವಿನ ಹಣೆಗೆ ಆ ಎಣ್ಣೆಯು ಬೆವರಿನೊಡನೆ ಇಳಿದು ಬರುವುದು. ಕೂದಲಿನ ಎಣ್ಣೆಯಿಂದ ಹಣೆಯ ಅಂಚಿನಲ್ಲಿ ಏಳುವ ಮೊಡವೆಗಳಿಗೆ ವೈದ್ಯಶಾಸ್ತ್ರದಲ್ಲಿ ಬೇರೆಯ ಹೆಸರೇ ಉಂಟು. ಹಣೆಯ ಮೊಡವೆಯಿಂದ ಬಳಲುವವರು ಎಣ್ಣೆಯನ್ನು ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಹಚ್ಚಿ, ಸೀಗೆಕಾಯಿಯಿಂದಲೋ ಶಾಂಪೂವಿನಿಂದಲೋ ತೊಳೆದುಬಿಡುವುದು ಮೇಲು. ನಮ್ಮ ಶಾಲೆಯಲ್ಲಿ ತಲೆ ಬಾಚಿರಬೇಕೆಂಬ ನಿಯಮವುಂಟು. ಎಣ್ಣೆ ಸುರಿಯುತ್ತಿರಬೇಕೆಂಬ ನಿಯಮವಿಲ್ಲ.

ಆಹಾರದ ವಿಷಯವಾಗಿ ಹೆಣ್ಣುಮಕ್ಕಳನ್ನು ಬಹಳವಾಗಿ ಹೆದರಿಸಿರುವರು. ಗೋಳಿಬಜೆ ತಿಂದರೆ ಅದರ ಎಣ್ಣೆಯು ನೇರವಾಗಿ ಮೂಗಿನ ಮೇಲೆ ಬಂದು ಕೂರುವುದಿಲ್ಲ. ಸಕ್ಕರೆಯ ತಿಂಡಿಗಳು ಹೆಚ್ಚಾದರೆ, ಮತ್ತು ಕೆಲವರಲ್ಲಿ ಹಾಲು ಹೆಚ್ಚಾದರೆ, ಮೊಡವೆಯೂ ಹೆಚ್ಚುವುದೆಂದು ವೈದ್ಯರು ಕಂಡಿರುವರು. ಆದರೆ ಬೆಳೆಯುವ ಪ್ರಾಯದ ಹುಡುಗಿಯು ಮುಖದ ಹೊಳಪಿಗೆ ಹೆದರಿ ಊಟವನ್ನು ಬಿಡುವುದು ದೊಡ್ಡ ಅವಿವೇಕ.

ಎಣ್ಣೆಮುಖದವರಿಗೆ ಬೇರೆ ಲೇಪನವೇ ಬೇಡವೆಂದು ತಿಳಿಯಬಾರದು. ತೊಳೆದ ಮೇಲೆ ಚರ್ಮವು ಬಿಗಿದಂತಾದರೆ ಎಣ್ಣೆಯಿಲ್ಲದ ತೆಳುವಾದ ಕ್ರೀಮನ್ನು ಹಚ್ಚಬಹುದು. ರೋಮಕೂಪವನ್ನು ಕಟ್ಟದೆ ಇರುವಂಥದ್ದೆಂದು ಅಂಥವುಗಳ ಮೇಲೆ ಬರೆದಿರುತ್ತದೆ. ಬಿಸಿಲಿಗೆ ಹೋಗುವವರು ಎಸ್.ಪಿ.ಎಫ್. 30ಕ್ಕೆ ಕಡಿಮೆಯಿಲ್ಲದ, ಜಿಡ್ಡಿಲ್ಲದ ಲೇಪನವನ್ನು ಹಚ್ಚುವುದು ಒಳ್ಳೆಯದು, ಯಾಕಂದರೆ ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಮೊಡವೆಯು ಒಂದು ವಾರದಲ್ಲಿ ಮಾಯವಾದರೂ ಅದರ ಕಪ್ಪು ಗುರುತು ತಿಂಗಳುಗಟ್ಟಲೆ ನಿಲ್ಲುವುದು. ಬಿಸಿಲಿನಿಂದ ಮತ್ತಷ್ಟು ಗಾಢವಾಗುವುದು. ಅದೇ ಕಾರಣದಿಂದ ಮೊಡವೆಯನ್ನು ಚಿವುಟಬಾರದು. ಪರೀಕ್ಷೆಗೆ ಓದುತ್ತಾ ಕೂತಾಗ ಕೈ ತಾನಾಗಿ ಮುಖಕ್ಕೆ ಹೋಗುವುದು. ಆಗ ಕೈಯಲ್ಲಿ ಪೆನ್ಸಿಲನ್ನು ಹಿಡಿದುಕೊಳ್ಳಿರಿ.

ಇಷ್ಟರಿಂದಲೂ ಮೊಡವೆಗಳು ತಗ್ಗದಿದ್ದರೆ ಔಷಧವುಂಟು. ಸ್ಯಾಲಿಸಿಲಿಕ್ ಆಮ್ಲವು ರೋಮಕೂಪದ ಗಂಟನ್ನು ಸಡಿಲಿಸುವುದು. ಬೆನ್ಜಾಯಿಲ್ ಪೆರಾಕ್ಸೈಡು ಸೂಕ್ಷ್ಮಜೀವಿಗಳನ್ನು ಕೊಲ್ಲುವುದು; ಅದರಲ್ಲಿ ಶೇಕಡಾ 2.5ರದ್ದು ಕಡಿಮೆ ಉರಿಯುವಂಥದ್ದು. ಅದು ಬಟ್ಟೆಯ ಬಣ್ಣವನ್ನು ತಿಂದುಬಿಡುವುದರಿಂದ ಸಮವಸ್ತ್ರಕ್ಕೂ ತಲೆದಿಂಬಿಗೂ ತಗಲದಂತೆ ನೋಡಿಕೊಳ್ಳಬೇಕು. ಯಾವ ಔಷಧವಾದರೂ ಗುಣವನ್ನು ತೋರಿಸಲು ಆರರಿಂದ ಎಂಟು ವಾರಗಳು ಬೇಕು. ನಾಲ್ಕು ದಿನಗಳಲ್ಲಿ ಬೇಸರಪಟ್ಟು ಬಿಡಬಾರದು. ಇವುಗಳಿಗಿಂತ ಬಲವಾದವುಗಳನ್ನು ವೈದ್ಯರೇ ಕೊಡಬೇಕು. ಮೊಡವೆಗಳು ಆಳವಾಗಿ ಗಂಟುಗಟ್ಟಿ ನೋಯುತ್ತಿದ್ದರೆ, ಗುಳಿ ಬೀಳುತ್ತಿದ್ದರೆ, ಅಥವಾ ಮೊಡವೆಗಳೊಡನೆ ತಿಂಗಳ ಮುಟ್ಟು ತಪ್ಪುತ್ತಾ, ಗಲ್ಲದ ಮೇಲೆ ದಪ್ಪ ಕೂದಲು ಕಾಣುತ್ತಾ ಇದ್ದರೆ, ತಾಯಂದಿರು ನಾಚಿಕೊಳ್ಳದೆ ಮಗಳನ್ನು ವೈದ್ಯರಿಗೆ ತೋರಿಸಬೇಕು. ಅದು ಮುಖದ ಮಾತಲ್ಲ, ಒಳಗಿನ ಹಾರ್ಮೋನುಗಳ ಮಾತಾಗಿರಬಹುದು.

ಒಂದು ವಿಷಯದಲ್ಲಿ ಮಾತ್ರ ನಾನು ಕಠಿಣವಾಗಿ ಹೇಳುವೆನು. ಮುಖವು ಬೇಗನೆ ನಯವಾಗಿ ಬೆಳ್ಳಗಾಗುವುದೆಂದು ಗೆಳತಿಯರೋ ಅಂಗಡಿಯವರೋ ಕೊಡುವ ಟ್ಯೂಬುಗಳಲ್ಲಿ ಅನೇಕವು ಸ್ಟೀರಾಯ್ಡ್ ಎಂಬ ಔಷಧವುಳ್ಳವು. ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬಂಥ ಹೆಸರುಗಳನ್ನು ಟ್ಯೂಬಿನ ಮೇಲೆ ಓದಿ ಗುರುತಿಸಿಕೊಳ್ಳಿರಿ. ಇವುಗಳಿಂದ ಮೊದಲ ವಾರಗಳಲ್ಲಿ ಮುಖವು ತಿಳಿಯಾದಂತೆ ಕಾಣುವುದು. ಆ ಮೇಲೆ ಚರ್ಮವು ತೆಳುವಾಗಿ, ಕೆಂಪು ನರಗಳು ಕಾಣತೊಡಗಿ, ಕೂದಲೂ ಮೊಡವೆಯೂ ಹೆಚ್ಚಿ, ಹಚ್ಚುವುದನ್ನು ಬಿಟ್ಟರೆ ಉರಿಯು ತಡೆಯಲಾರದಷ್ಟಾಗುವುದು. ಈ ಹಾನಿಯನ್ನು ಕಂಡು ಕೇಂದ್ರ ಸರ್ಕಾರವು 2018ರಲ್ಲಿ, ಇಂಥ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮವನ್ನು ಬಿಗಿಗೊಳಿಸಿತು. ನಿಯಮವು ಕಾಗದದ ಮೇಲಿರುವುದು; ಟ್ಯೂಬು ಗೆಳತಿಯ ಚೀಲದಲ್ಲಿರುವುದು. ಬೇಡವೆಂದು ಹೇಳುವ ಧೈರ್ಯವು ನಿಮ್ಮಲ್ಲಿಯೇ ಇರಬೇಕು.

ಇನ್ನು ಆ ಹುಡುಗಿಯ ಕಥೆಗೆ ಹಿಂತಿರುಗುವೆನು. ಅವಳ ತಾಯಿಯು ಬೀಡಿ ಕಟ್ಟಿ ಸಂಸಾರವನ್ನು ನಡೆಸುವವರು. ಸುದ್ದಿ ತಿಳಿದು, ಒಂದು ದಿನದ ಕೆಲಸವನ್ನು ಬಿಟ್ಟು ಬಸ್ಸಿನಲ್ಲಿ ಬಂದರು. ಅವರು ಗದರಿಸುವರೆಂದು ನಾನು ಸಿದ್ಧಳಾಗಿಯೇ ಇದ್ದೆನು. ಆದರೆ ಅವರು ಮಗಳ ಗಲ್ಲವನ್ನು ಹಿಡಿದು ಬಹಳ ಹೊತ್ತು ನೋಡಿ, ಆ ಮೇಲೆ ತಮ್ಮ ಸೆರಗಿನಿಂದ ತಮ್ಮ ಹಣೆಯನ್ನು ಒರಸಿಕೊಂಡು, "ನಂದೂ ಹೀಗೇ ಟೀಚರ್. ನಮ್ಮಮ್ಮನದೂ ಹೀಗೇ ಇತ್ತು. ಇದು ನಮ್ಮ ಮನೆಯ ಮುಖ" ಎಂದರು. ನಾನು ನೋಡಿದೆನು. ಅದೇ ಹಣೆ, ಅದೇ ಮೂಗು, ಅದೇ ಹೊಳಪು. ನಾನು ತರಗತಿಯ ಮುಂದೆ ಬೆರಳಿನಿಂದ ಒರಸಿ ತೋರಿಸಿದ್ದು ಒಂದು ಮನೆಯ ಮೂರು ತಲೆಮಾರಿನ ಮುಖವನ್ನು ಎಂಬುದು ಆಗ ನನಗೆ ಅರ್ಥವಾಯಿತು.

ಆ ಹುಡುಗಿಯೊಡನೆ ನಾನು ಒಬ್ಬಳೇ ಇದ್ದಾಗ ಕ್ಷಮೆ ಕೇಳಿದೆನು. ಅವಳು "ಪರವಾಗಿಲ್ಲ ಟೀಚರ್" ಎಂದಳು. ಮಕ್ಕಳು ಹಾಗೆಯೇ ಹೇಳುವರು. ಆದರೆ ರಾತ್ರಿ ನನಗೆ ಸಮಾಧಾನವಾಗಲಿಲ್ಲ. ನಾನು ಮಾಡಿದ ಅವಮಾನವು ನಲವತ್ತು ಮಂದಿಯ ಎದುರಿನಲ್ಲಿ; ಕೇಳಿದ ಕ್ಷಮೆಯು ಮುಚ್ಚಿದ ಬಾಗಿಲಿನ ಹಿಂದೆ. ಈ ಲೆಕ್ಕವು ಸರಿಹೋಗುವುದಿಲ್ಲವೆಂದು ನನ್ನ ಮನಸ್ಸಾಕ್ಷಿಯು ಹೇಳಿತು. ಆದರೂ ಹೊಸ ಉಪಾಧ್ಯಾಯಿನಿಗೆ ತನ್ನ ಗೌರವದ ಚಿಂತೆ ದೊಡ್ಡದು. ನಾನು ಎಂಟು ದಿನ ತಡಮಾಡಿದೆನು. ಒಂಬತ್ತನೆಯ ದಿನ ಅದೇ ಸಾಲಿನ ಮುಂದೆ ನಿಂತು, "ಅಂದು ನಾನು ಹೇಳಿದ ಮಾತು ತಪ್ಪು, ಇವಳು ಮುಖವನ್ನು ತೊಳೆದಿದ್ದಳು, ನಾನು ನಂಬಲಿಲ್ಲ" ಎಂದು ಹೇಳಿದೆನು. ಯಾರೂ ನಗಲಿಲ್ಲ. ನನ್ನ ಗೌರವಕ್ಕೂ ನಷ್ಟವೇನೂ ಆಗಲಿಲ್ಲ. ಅಂದಿನಿಂದ ನಾನಿರುವಲ್ಲಿ ಶುಚಿತ್ವದ ತಪಾಸಣೆಯಲ್ಲಿ ಉಗುರನ್ನೂ ಕರವಸ್ತ್ರವನ್ನೂ ನೋಡುವುದುಂಟು. ಯಾರ ಮುಖದ ವಿಷಯವನ್ನೂ ಎತ್ತುವುದಿಲ್ಲ.

ಅವಳ ಕೆನ್ನೆಯು ಒಂದು ತಿಂಗಳೊಳಗೆ ಗುಣವಾಯಿತು. ಮೊಡವೆಗಳು ಔಷಧದಿಂದ ಕಡಿಮೆಯಾದವು. ಎರಡು ಮೂರು ಗುರುತುಗಳು ಉಳಿದವು. ಹಣೆಯ ಹೊಳಪು ಹೋಗಲಿಲ್ಲ, ಹೋಗುವ ಅಗತ್ಯವೂ ಇರಲಿಲ್ಲ. ಆದರೆ ನನ್ನ ತರಗತಿಯಲ್ಲಿದ್ದಷ್ಟು ಕಾಲವೂ ಅವಳು ನನ್ನೊಡನೆ ಮಾತಾಡುವಾಗ ತಲೆಯನ್ನು ಸ್ವಲ್ಪ ತಗ್ಗಿಸಿ, ಕೈಯನ್ನು ಹಣೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದಳು. ಚರ್ಮಕ್ಕೆ ಔಷಧ ಸಿಕ್ಕಿತು. ಆ ಅಭ್ಯಾಸಕ್ಕೆ ನಾನು ಔಷಧವನ್ನು ಕಾಣಲಿಲ್ಲ.

ಈಗಿನ ಹೆಣ್ಣುಮಕ್ಕಳಿಗೆ ಇದು ಇನ್ನೂ ಕಷ್ಟದ ಕಾಲ. ನಮ್ಮ ಕಾಲದಲ್ಲಿ ಬೋರ್ಡಿಂಗಿಗೆ ಒಂದೇ ಕನ್ನಡಿ; ಅದೂ ಅಂಚಿನಲ್ಲಿ ಮಾಸಿದ್ದು. ಈಗ ಮೊಬೈಲಿನ ರೂಪದಲ್ಲಿ ಪ್ರತಿಯೊಬ್ಬರ ಕೈಯಲ್ಲಿಯೂ ಒಂದು ಕನ್ನಡಿಯಿದೆ. ಅದು ಬೇಕಾದಂತೆ ಮುಖವನ್ನು ಒರಸಿ, ಜಿಡ್ಡನ್ನೂ ರೋಮಕೂಪವನ್ನೂ ಅಳಿಸಿ, ಮೇಣದ ಬೊಂಬೆಯಂತೆ ಮಾಡಿ ತೋರಿಸುವುದು. ಅಂಥ ಚರ್ಮವು ಉಸಿರಾಡುವ ಯಾವ ಮನುಷ್ಯರಿಗೂ ಇಲ್ಲ. ಅದನ್ನು ನೋಡಿ ತನ್ನ ಮುಖವನ್ನು ದ್ವೇಷಿಸುವ ಮಗುವಿಗೆ ಮನೆಯಲ್ಲಿ "ಏನೇ ಇದು ಮುಖ" ಎಂಬ ಒಂದು ಮಾತೂ, ಶಾಲೆಯಲ್ಲಿ ಒಂದು ನಗುವೂ ಸೇರಿದರೆ, ಅವಳು ತೆಂಗಿನ ನಾರನ್ನು ಹುಡುಕಿಕೊಂಡು ಹೋಗದೆ ಏನು ಮಾಡುವಳು? ಆದ ಕಾರಣ ತಾಯಂದಿರೂ ನನ್ನ ಸಹೋದ್ಯೋಗಿಗಳಾದ ಉಪಾಧ್ಯಾಯಿನಿಯರೂ ಈ ಬರಹವನ್ನು ಮಕ್ಕಳಿಗಾಗಿ ಮಾತ್ರ ಬರೆದದ್ದೆಂದು ಎಣಿಸದಿರಲಿ. ಎಣ್ಣೆಮುಖದ ಆರೈಕೆಯಲ್ಲಿ ನೀರಿಗೂ ಸಾಬೂನಿಗೂ ಮುಂಚೆ ಬರತಕ್ಕದ್ದು ನಮ್ಮ ನಾಲಿಗೆಯ ಮೇಲಿನ ಹತೋಟಿ.

ನಮ್ಮ ಸತ್ಯವೇದದಲ್ಲಿ ಎಣ್ಣೆಯು ಎಲ್ಲಿಯೂ ನಾಚಿಕೆಯ ವಸ್ತುವಾಗಿ ಬಂದಿಲ್ಲ. ಬಡ ವಿಧವೆಯ ಮನೆಯಲ್ಲಿ ಎಲೀಯನ ಮಾತಿನಿಂದ ತೀರದೆ ಉಳಿದದ್ದು ಎಣ್ಣೆ. ದಾರಿಯಲ್ಲಿ ಬಿದ್ದವನ ಗಾಯಗಳಿಗೆ ಸಮಾರ್ಯದವನು ಹೊಯ್ದದ್ದು ಎಣ್ಣೆ. 104ನೆಯ ಕೀರ್ತನೆಯನ್ನು ರಚಿಸಿದವನಾದರೋ ದೇವರ ಉಪಕಾರಗಳನ್ನು ಎಣಿಸುವಾಗ, ರೊಟ್ಟಿ ದ್ರಾಕ್ಷಾರಸಗಳ ಜೊತೆಗೆ ಎಣ್ಣೆಯನ್ನೂ, ಅದರಿಂದ ಮೊಗವು ಹೊಳೆಯುವುದನ್ನೂ ಸೇರಿಸಿರುವನು. ಆ ಕೀರ್ತನೆಯನ್ನು ನಾನು ಬಾಲ್ಯದಿಂದ ಎಷ್ಟೋ ಸಾರಿ ಓದಿದ್ದೆನು. ಎಷ್ಟೋ ಮಕ್ಕಳಿಂದ ಓದಿಸಿಯೂ ಇದ್ದೆನು. ಆದರೆ ಹೊಳೆಯುವ ಮೊಗವೊಂದು ನನ್ನ ಎದುರಿಗೆ ಬಂದು ನಿಂತಾಗ ನಾನು ಅದನ್ನು ಗುರುತಿಸಲಿಲ್ಲ.

ಪ್ರಿಯ ಮಕ್ಕಳೇ, ನಾಳೆ ಬೆಳಿಗ್ಗೆ ಮುಖವನ್ನು ಒಂದು ಸಾರಿ ಮೆಲ್ಲನೆ ತೊಳೆದು, ಬೈರಾಸನ್ನು ಒತ್ತಿ, ತಲೆಯೆತ್ತಿಕೊಂಡು ಶಾಲೆಗೆ ಬನ್ನಿರಿ. ಹತ್ತು ಗಂಟೆಯ ಹೊತ್ತಿಗೆ ಹಣೆಯು ಪುನಃ ಹೊಳೆಯುವುದು. ಹೊಳೆಯಲಿ. ಅದು ನಿಮ್ಮ ಮನೆಯ ಮುಖ.